ಕೆಂಚನಿಗೆ ಇಬ್ಬರು ಮೇಷ್ಟರು

ಗಾವಡಗೆರೆ
ಬಹುಧಾನ್ಯ ಸಂವತ್ಸರದ ಶ್ರಾವಣ ಬಹುಳ ಪಂಚಮಿ

ಚಿರಂಜೀವಿ ರುದ್ರಸ್ವಾಮಿಗೆ,

ಈ ಕಾಗದವನ್ನು ಆಳುಕಾಳುಗಳ ಮುಂದೆ ಒಡೆಯಬೇಡ. ಒಬ್ಬನೇ ಕುಳಿತು ಓದು. ಗೌರಿ ಹಬ್ಬಕ್ಕೆ ನೀನು ಅಕ್ಕನಿಗೆ ಬಾಗಿನ ತರುವ ಮೊದಲೇ ಇದು ನಿನಗೆ ತಲುಪಬೇಕೆಂದು, ಅಂಚೆಗೆ ಹಾಕದೆ ನಿಮ್ಮ ಕಡೆಗೆ ಹೊರಟ ಗಾಡಿಯವನ ಕೈಯಲ್ಲಿ ಕಳುಹಿಸುತ್ತಿದ್ದೇನೆ.

ಹೋದ ವಾರ ನಾನು ಕಟ್ಟೆಮಳಲವಾಡಿಯ ನಿನ್ನ ತೋಟಕ್ಕೆ ಬಂದಿದ್ದೆ. ನೀನು ಮೈಸೂರಿಗೆ ಹೋಗಿದ್ದೆಯಂತೆ. ಅಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ನಿನ್ನ ಅಕ್ಕ ಸುಂದ್ರಮ್ಮನಿಗೆ ನಾನಿನ್ನೂ ತಿಳಿಸಿಲ್ಲ. ತಿಳಿಸಿದರೆ ಅವಳಿಗಿರುವ ಒಂದೇ ತವರು ಮುರಿದು ಬೀಳುತ್ತದೆ. ತಿಳಿಸದಿದ್ದರೆ, ಈ ವಯಸ್ಸಿನಲ್ಲಿ, ನನ್ನ ಹೆಂಡತಿಯ ಮುಂದೆ ದಿನವೂ ಒಂದು ಸುಳ್ಳನ್ನು ಕಾಯ್ದುಕೊಂಡು ಕೂರಬೇಕಾಗುತ್ತದೆ. ನನ್ನನ್ನು ಈ ಇಕ್ಕಟ್ಟಿಗೆ ತಂದಿಟ್ಟವನು ನೀನು. ಆದ್ದರಿಂದ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ನಿನ್ನ ಮುಂದೆಯೇ ಇಡುತ್ತೇನೆ.

ನೀನು ಈ ಮನೆಗೆ ಬಂದಾಗ ನಿನಗೆ ಪಂಚೆ ಉಟ್ಟುಕೊಳ್ಳಲೂ ಬರುತ್ತಿರಲಿಲ್ಲ. ಪ್ಲೇಗಿನ ವರ್ಷ ನಿನ್ನ ತಂದೆ ತಾಯಿ ಒಬ್ಬರ ಹಿಂದೆ ಒಬ್ಬರು ಹೋದ ಮೇಲೆ, ಸುಂದ್ರಮ್ಮ ನಿನ್ನನ್ನು ಗಾಡಿಯಿಂದ ಇಳಿಸಿಕೊಂಡು ಯಾರೊಡನೆಯೂ ಮಾತಾಡದೆ ನೇರವಾಗಿ ಅಡಿಗೆಮನೆಗೆ ಕರೆದೊಯ್ದು ಎಲೆ ಹಾಕಿದಳು. ಅಂದಿನಿಂದ ನೀನು ದೊಡ್ಡವನಾಗಿ ನಿನ್ನ ಜಮೀನಿಗೆ ಹೋಗುವವರೆಗೆ ನನ್ನ ಎಲೆಯ ಪಕ್ಕದಲ್ಲೇ ನಿನ್ನ ಎಲೆ. ನಮಗೆ ಮಕ್ಕಳಾಗಲಿಲ್ಲ. ಆ ಜಾಗವನ್ನು ನೀನು ತುಂಬಿದೆಯೆಂದು ನಾನು ಬಾಯಿಬಿಟ್ಟು ಹೇಳಿದವನಲ್ಲ. ಹಾಗೆ ಹೇಳುವ ಸ್ವಭಾವವೇ ನನ್ನದಲ್ಲ. ಆದರೆ ನೀನು ಲೋಯರ್ ಸೆಕೆಂಡರಿ ಪಾಸಾದ ದಿನ ಶಾಲೆಯ ಮಕ್ಕಳಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿಸಿದ್ದೆ. ಕಾರಣ ಏನೆಂದು ಯಾರಿಗೂ ಹೇಳಲಿಲ್ಲ. ನಿನಗೆ ಗೊತ್ತಾಗಿತ್ತು.

ಕೆಂಚ ನಮ್ಮ ಮನೆಗೆ ಬಂದದ್ದು ಈ ಸಂಕ್ರಾಂತಿ ಕಳೆದ ಮೇಲೆ. ಆ ಸುಗ್ಗಿಯಲ್ಲಿ ನೀನು ನಮ್ಮೂರ ಬಯಲಿನ ಕಬ್ಬನ್ನು ಗುತ್ತಿಗೆ ಹಿಡಿದು ಆಲೆಮನೆ ಹೂಡಿದ್ದೆ. ಬೆಲ್ಲದ ಕೆಲಸ ಮುಗಿಯುವವರೆಗೆ ನಮ್ಮಲ್ಲೇ ಉಳಿದಿದ್ದೆ. ಮುದ್ದಯ್ಯನ ಕೆಂಪು ನಾಯಿ ಕಾಡುಹಂದಿಗೆ ಎದುರು ನಿಲ್ಲುವುದರಲ್ಲಿ ಸುತ್ತಿನ ಹಳ್ಳಿಗಳಲ್ಲಿ ಹೆಸರಾದದ್ದು. ಆ ಸಲ ಅದು ಒಂದೇ ಮರಿ ಹಾಕಿತ್ತು. ಒಂಟಿ ಮರಿಗೆ ತಾಯಿಯ ಎದೆಗಾರಿಕೆಯೆಲ್ಲ ಇಳಿದು ಬರುತ್ತದೆಂಬುದು ಈ ಸೀಮೆಯ ನಂಬಿಕೆ. ಹೊಳೆದಂಡೆಯ ನಿನ್ನ ಕಬ್ಬಿನ ಕಾವಲಿಗೆ ಅದು ಬೇಕೆಂದು ನೀನು ಕೇಳಿದ್ದೆ. ಮುದ್ದಯ್ಯ ನಿನಗೆ ಕೊಡಲಿಲ್ಲ. ತನ್ನ ಮಕ್ಕಳಿಗೆ ಅಕ್ಷರ ಕಲಿಸಿದ ಋಣವೆಂದು ಹೇಳಿ, ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಬಿಟ್ಟ.

“ಒಂಟಿ ಮರಿ ಕಣ್ ಬುದ್ಧಿ. ತಾಯಿ ಮೊಲೆಯೆಲ್ಲ ಇದೊಂದ್ಕೇ ಆಗಿ ಕೊಬ್ಬೋಗದೆ. ಕೈ ಕೊಟ್ಟೀರ, ಉಸಾರು” ಎಂದ.

“ಅಲ್ಲ ಕಣೋ ಮುದ್ದಯ್ಯ, ನಂಗೆ ಇಲ್ಲ ಅಂದೋನು ಭಾವಂಗೆ ಕೊಟ್ಯಲ್ಲ. ಅವ್ರು ಇದ್ಕೆ ಮಗ್ಗಿ ಕಲಿಸ್ತಾರೆ ಅಷ್ಟೇಯ” ಎಂದು ನೀನು ನಕ್ಕೆ. ನಾವೂ ನಕ್ಕೆವು. ಸುಂದ್ರಮ್ಮ ಆಗಲೇ ಅದನ್ನು ಮಡಿಲಿಗೆ ಹಾಕಿಕೊಂಡು ಕೆಂಚ ಎಂದು ಹೆಸರಿಟ್ಟಾಗಿತ್ತು.

ಆ ಮರಿ ಕಚ್ಚುವುದನ್ನು ಬಿಡಬೇಕೆಂದು ನಾನು ಅಷ್ಟು ಹಟ ಹಿಡಿದದ್ದು ಏಕೆಂಬುದು ಊರಿಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ನಿನ್ನ ಅಕ್ಕನಿಗೆ ಸಿಹಿಮೂತ್ರದ ಕಾಯಿಲೆ. ಪಾದಗಳಲ್ಲಿ ಅರಿವು ಕಡಮೆಯಾಗಿದೆ; ಮುಳ್ಳು ಹೊಕ್ಕರೂ ಅವಳಿಗೆ ತಿಳಿಯುವುದಿಲ್ಲ, ಗಾಯವಾದರೆ ಮಾಯುವುದಿಲ್ಲ. “ಕಾಲಿಗೆ ಒಂದು ಗೀರೂ ಆಗಬಾರದು” ಎಂದು ಹುಣಸೂರಿನ ಡಾಕ್ಟರು ಹೇಳಿದಾಗ ಅವಳನ್ನು ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದವನು ನೀನೇ. ಮರಿಯನ್ನು ವಾಪಸು ಕೊಟ್ಟುಬಿಡುವುದು ಸುಲಭವಿತ್ತು. ಆದರೆ ಅದು ಬಂದ ಮೇಲೆ ಅವಳು ಬೆಳಿಗ್ಗೆ ಎದ್ದು ಯಾರೊಡನೆಯೋ ಮಾತಾಡುವ ಸದ್ದು ನನ್ನ ಕಿವಿಗೆ ಬೀಳತೊಡಗಿತ್ತು. ಅದನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಕಲಿಸಿದರಾಯಿತು ಎಂದುಕೊಂಡೆ. ಕಲಿಸುವುದು ನನ್ನ ವೃತ್ತಿಯಾಗಿತ್ತು.

ಮರಿಯ ಹಲ್ಲುಗಳು ಸೂಜಿಯ ಮೊನೆಯಂತಿದ್ದವು. ಆಟಕ್ಕೆಂದು ಕೈ ನೀಡಿದರೆ ಹೆಬ್ಬೆರಳನ್ನು ಅಗಿದುಬಿಡುತ್ತಿತ್ತು. ಹೊಡೆದರೆ ಸರಿಹೋದೀತೆಂದು ನೋಡಿದವರೆಲ್ಲ ಹೇಳಿದರು. ನಾನು ಒಪ್ಪಲಿಲ್ಲ. ಛತ್ರದ ಹಿಂದೆ ಮರಿ ಹಾಕಿದ್ದ ಬೀದಿನಾಯಿಯ ಬಳಿ ಕೆಲವು ದಿನ ಬೆಳಗ್ಗೆ ನಿಂತು ನೋಡಿದೆ. ಒಂದು ಮರಿ ಇನ್ನೊಂದನ್ನು ಬಲವಾಗಿ ಕಚ್ಚಿದರೆ ಕಚ್ಚಿಸಿಕೊಂಡದ್ದು ಕುಂಯ್ ಎಂದು ಕೂಗಿ ಆಟ ಬಿಟ್ಟು ಹೋಗುತ್ತದೆ. ಕಚ್ಚಿದ್ದು ಒಂಟಿಯಾಗಿ ಉಳಿದು ಪೆಚ್ಚಾಗುತ್ತದೆ. ಮತ್ತೆ ಆಟಕ್ಕೆ ಬಂದಾಗ ಹಲ್ಲನ್ನು ಸಡಿಲ ಬಿಡುತ್ತದೆ. ಕೆಂಚನಿಗೆ ಒಡಹುಟ್ಟಿದವರಿರಲಿಲ್ಲ, ತನ್ನ ಹಲ್ಲು ಇನ್ನೊಬ್ಬರನ್ನು ನೋಯಿಸುತ್ತದೆಂಬುದನ್ನು ಅದಕ್ಕೆ ತಿಳಿಸಿದವರೇ ಇರಲಿಲ್ಲ. ಆ ಪಾಠ ನನ್ನಿಂದಲೇ ಆಗಬೇಕಾಗಿತ್ತು.

ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದಾಗಲೂ ದನಿ ತಗ್ಗಿಸದೆ ನಿಂತವನು ನಾನು. ಅಂಥವನು ಹಿತ್ತಲಿನಲ್ಲಿ ಮಂಡಿಯೂರಿ ಕುಳಿತು ನಾಯಿಮರಿಯಂತೆ ಕುಂಯ್ ಎಂದೆ. ಹಲ್ಲು ತಾಗಿದ ಕೂಡಲೇ ಆ ಸದ್ದು ಮಾಡುವುದು. ಕೈಯನ್ನು ಕಿತ್ತುಕೊಳ್ಳದೆ ಸತ್ತ ಕೈಯಂತೆ ಬಿಡುವುದು, ಏಕೆಂದರೆ ಎಳೆದ ಕೈಯನ್ನು ಮರಿ ಬೇಟೆಯೆಂದು ತಿಳಿದು ಬೆನ್ನಟ್ಟುತ್ತದೆ. ಬಳಿಕ ಬೆನ್ನು ತಿರುಗಿಸಿ, ಕೈಗಳನ್ನು ಶಾಲಿನೊಳಗೆ ಸೇರಿಸಿ, ಗೋಡೆ ನೋಡುತ್ತ ಕೂರುವುದು. ಅದು ಸಮಾಧಾನವಾದ ಮೇಲೆ ಮತ್ತೆ ಆಟ. ಪುನಃ ಕಚ್ಚಿದರೆ ಎದ್ದು ಒಳಗೆ ಹೋಗಿ ಕದ ಹಾಕಿಕೊಳ್ಳುವುದು. ಒಸಡಿನ ನವೆಗೆ ಹಳೆಯ ರುಮಾಲಿನ ಗಂಟನ್ನು ತಣ್ಣೀರಿನಲ್ಲಿ ಅದ್ದಿ ಕೊಡುತ್ತಿದ್ದೆ. ಅದನ್ನು ಮಾತ್ರ ಅದು ಮನಸಾರೆ ಅಗಿಯಬಹುದಿತ್ತು. ಕಣ್ಣು ಎಳೆಯತೊಡಗಿದರೆ ಆಟ ನಿಲ್ಲಿಸಿ ಮಲಗಿಸುತ್ತಿದ್ದೆ, ದಣಿದ ಮರಿ ಹೆಚ್ಚು ಕಚ್ಚುತ್ತದೆ. ಬೇಲಿಯಾಚೆ ನೀರಿಗೆ ಹೋಗುವ ಹೆಂಗಸರು ನಿಂತು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದು ಹೋಗುತ್ತಿದ್ದರು.

“ಅಲ್ಲ ಭಾವ, ಊರ್ ಮಕ್ಕಳನ್ನೆಲ್ಲ ಗಡಗಡ ಅನ್ನಿಸಿದೋರು ಒಂದು ಗೇಣುದ್ದ ಮರಿ ಮುಂದೆ ಕುಂಯ್ ಅಂತೀರಲ್ಲ. ನಾಳೆ ಬಾಲ ಬಂದ್ರೆ ಏನ್ ಮಾಡಾನ?” ಎಂದೆ ನೀನು.

“ಬಂದರೆ ನಿನ್ನ ಮುಂದೆ ಆಡಿಸುವುದಿಲ್ಲ ಬಿಡು” ಎಂದೆ ನಾನು. ಸುಂದ್ರಮ್ಮ ಒಳಗಿನಿಂದ ನಕ್ಕದ್ದು ಕೇಳಿಸಿತು. ಆ ದಿನಗಳಲ್ಲಿ ಊರೆಲ್ಲ ನಕ್ಕದ್ದು ನನ್ನನ್ನು ಮುಟ್ಟಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟಾಗಿದ್ದೆ. ಒಂದೇ ಪಾಠವನ್ನು ಇಬ್ಬರು ಎರಡು ಬಗೆಯಾಗಿ ಹೇಳಿದರೆ ಮಗುವಿಗೆ ಪಾಠವೇ ಬರುವುದಿಲ್ಲ. ನಿಮ್ಮಿಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು ಹೇಳಿದ್ದೆ: ಕೆಂಚ ಕಚ್ಚಿದರೆ ಎಲ್ಲರೂ ಆಟ ನಿಲ್ಲಿಸಬೇಕು, ಯಾರೂ ಅದನ್ನು ರೇಗಿಸಬಾರದು, ಬಟ್ಟೆಯ ಅಂಚು ತೋರಿಸಿ ಹಾರಿಸಬಾರದು. “ಆಯ್ತು ಭಾವ, ನಿಮ್ ಮಾತು ಮೀರ್ತೀನಾ?” ಎಂದೆ ನೀನು. ನಾನು ಆ ಮಾತನ್ನು ಎರಡನೆಯ ಸಲ ಕೇಳಲಿಲ್ಲ. ನಿನ್ನಿಂದ ಎರಡನೆಯ ಸಲ ಮಾತು ತೆಗೆದುಕೊಳ್ಳುವ ಸಂದರ್ಭ ಅದುವರೆಗೆ ಬಂದಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಕೆಂಚ ನನ್ನ ಕೈಯನ್ನು ಬಾಯಿಗೆ ತೆಗೆದುಕೊಂಡರೆ ಹಲ್ಲಿರುವುದೇ ತಿಳಿಯುತ್ತಿರಲಿಲ್ಲ. ಸುಂದ್ರಮ್ಮನ ಬಳೆಗಳ ಜೊತೆ ಆಡಿದರೂ ಚರ್ಮಕ್ಕೆ ಗೆರೆ ಬೀಳುತ್ತಿರಲಿಲ್ಲ. ಆದರೆ ಅದೇ ಸಮಯದಲ್ಲಿ, ಎಲ್ಲಿಂದಲೋ, ಒಂದು ಹೊಸ ಕೇಡು ಹುಟ್ಟಿಕೊಂಡಿತು. ನೆಲಕ್ಕೆ ತಾಗುವ ಬಟ್ಟೆ ಕಂಡರೆ ಅದು ಹಿಮ್ಮಡಿಯತ್ತ ನುಗ್ಗತೊಡಗಿತು. ಕೈಗೆ ಕಲಿತದ್ದನ್ನು ಕಾಲಿಗೆ ಏಕೆ ಕಲಿಯುತ್ತಿಲ್ಲ ಎಂದು ನಾನು ತಲೆ ಕೆಡಿಸಿಕೊಂಡೆ. ಪಂಚೆಯನ್ನು ಬೇಕೆಂದೇ ನೆಲಕ್ಕೆ ಇಳಿಬಿಟ್ಟುಕೊಂಡು ಅದರ ಮುಂದೆ ನಡೆದೆ, ನಿಂತೆ, ಮತ್ತೆ ಕುಂಯ್ ಎಂದೆ. ಬೆಳಿಗ್ಗೆ ಸರಿಯಾದದ್ದು ಮರುದಿನಕ್ಕೆ ಕೆಟ್ಟಿರುತ್ತಿತ್ತು. ಸಂಜೆ ಪೂಜೆ ಮುಗಿಸಿ ಹೊರಗೆ ಬಂದಾಗಲೆಲ್ಲ ಅದು ನಾಲಗೆ ಇಳಿಬಿಟ್ಟು ಏದುಸಿರು ಬಿಡುತ್ತಿತ್ತು. ನನ್ನನ್ನು ಕಾಣದೆ ಚಡಪಡಿಸಿರಬೇಕೆಂದು ತಿಳಿದು ತಲೆ ನೇವರಿಸಿದೆ.

ನಿನ್ನನ್ನೂ ಕೇಳಿದೆ. “ತಾಯಿ ಗುಣ ಭಾವ, ಎಲ್ಲೋಗ್ತದೆ?” ಎಂದೆ ನೀನು. ಕಣ್ಣು ತಪ್ಪಿಸದೆ ಹೇಳಿದೆ.

ಯುಗಾದಿ ಕಳೆದ ವಾರದಲ್ಲಿ ಸುಂದ್ರಮ್ಮ ಹೂ ಬಿಡಿಸಲು ಹಿತ್ತಲಿಗೆ ಹೋದಳು. ಸೀರೆಯ ನೆರಿಗೆ ನೆಲ ಗುಡಿಸುತ್ತಿತ್ತು. ಕೆಂಚ ಹಿಂದಿನಿಂದ ಬಂದು ಹಿಮ್ಮಡಿಯ ಮೇಲಿನ ನರದ ಬಳಿ ಹಿಡಿಯಿತು. ಅವಳಿಗೆ ನೋವು ತಿಳಿಯಲಿಲ್ಲ. ಬುಟ್ಟಿ ತುಂಬ ಹೂ ಬಿಡಿಸಿಕೊಂಡು ಒಳಗೆ ಬಂದ ಮೇಲೆ, ಅಡಿಗೆಮನೆಯ ನೆಲದ ಮೇಲೆ ಮೂಡಿದ ಹೆಜ್ಜೆಗಳು ಕೆಂಪಾಗಿರುವುದನ್ನು ಕಂಡು ನಾನು ಕೂಗಿದೆ. “ಏನೂ ಇಲ್ಲ ಕಣ್ರೀ, ನೋವೇ ಇಲ್ಲ ನಂಗೆ. ಅದನ್ನ ಬೈಬೇಡಿ” ಎಂದಳು. ನೋವಿಲ್ಲವೆಂಬುದೇ ಎಷ್ಟು ಭಯಂಕರವೆಂದು ನಿನಗೂ ನನಗೂ ಗೊತ್ತಿತ್ತು. ನೀನು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದೆ. ಅರಿಸಿನ ಒತ್ತುವಾಗ ನಿನ್ನ ಕಣ್ಣಲ್ಲಿ ನೀರು ಬಂತು. ತಮ್ಮನ ಪ್ರೀತಿಯೆಂದು ನಾನು ಮುಖ ತಿರುಗಿಸಿಕೊಂಡೆ. ಆ ನೀರು ಯಾವ ಕಾರಣಕ್ಕೆ ಬಂತೆಂಬುದನ್ನು ನಿರ್ಧರಿಸಲು ಈಗ ನನ್ನಿಂದಾಗುತ್ತಿಲ್ಲ. ನಿನ್ನ ಮುಖವನ್ನು ಓದಬಲ್ಲೆನೆಂಬ ನಂಬಿಕೆ ನನ್ನಲ್ಲಿ ಉಳಿದಿಲ್ಲ.

ಅದೇ ಸಂಜೆ ಜಗಲಿಯ ಮೇಲೆ ನಾಲ್ಕು ಜನರ ಮುಂದೆ ನೀನು ಕೇಳಿದೆ: “ಇದು ತಿದ್ದೋ ಜಾತಿ ಅಲ್ಲ ಭಾವ. ನನ್ ತೋಟಕ್ಕೆ ಕೊಡಿ, ಅಲ್ಲಾರ ಬದುಕ್ಕೊಳ್ಳಲಿ.” ಹೆತ್ತ ತಂದೆಯರೇ ಕೈಬಿಟ್ಟ ಮಕ್ಕಳನ್ನು ಕೂಡ, ಇದು ಕಲಿಯುವುದಿಲ್ಲ ಎಂದು ಹೇಳಿ ನಾನು ಮನೆಗೆ ಕಳುಹಿಸಿದವನಲ್ಲ. ಆ ಮಾತನ್ನು ಅಂದು ಮೊದಲ ಸಲ ಹೇಳಿದೆ. “ನನ್ನಿಂದ ಆಗಲಿಲ್ಲ, ತೆಗೆದುಕೊಂಡು ಹೋಗು” ಎಂದೆ. ಅಷ್ಟೇ ಅಲ್ಲ, ಮರಿಯನ್ನು ಊರಾಚೆ ಬಿಡಿಸುವ ಪಾಪದಿಂದ ಪಾರು ಮಾಡಿದೆಯೆಂದು ನಿನ್ನ ಉಪಕಾರ ಸ್ಮರಿಸಿದೆ. ನೀನು ತಲೆ ಬಗ್ಗಿಸಿ ಅದನ್ನು ಸ್ವೀಕರಿಸಿದೆ.

ಗಾಯ ಆಷಾಢ ಕಳೆಯುವವರೆಗೂ ಮುಚ್ಚಲಿಲ್ಲ. ಪಾದವನ್ನೇ ತೆಗೆಯಬೇಕಾದೀತೆಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ ದಿನ ನೀನೂ ಇದ್ದೆ. ಶಿವನ ದಯೆ, ಉಳಿಯಿತು. ಕಟ್ಟು ಬಿಚ್ಚಿದ ಮರುದಿನ ಸುಂದ್ರಮ್ಮ ರೊಟ್ಟಿ ಸುಟ್ಟು ಬಟ್ಟೆಯಲ್ಲಿ ಕಟ್ಟಿ, “ಕೆಂಚಂಗೆ ಕೊಟ್ಟು ಬನ್ನಿ. ಬೇಜಾರಿಲ್ಲ ಅಂತ ಹೇಳಿ” ಎಂದಳು. ನಾಯಿಗೆ ಹೇಳಿ ಬರಲು ನಾನು ಅಷ್ಟು ದೂರ ಗಾಡಿಯಲ್ಲಿ ಬಂದೆ.

ತೋಟದಲ್ಲಿ ನಿನ್ನ ಕಾವಲುಗಾರ ಚಾಮಯ್ಯ ಇದ್ದ. ಕೆಂಚ ನನ್ನನ್ನು ದೂರದಿಂದಲೇ ಗುರುತಿಸಿ ಓಡಿ ಬಂತು. ಎಷ್ಟು ಬೆಳೆದಿದೆ. ನಾನು ಹೆದರುತ್ತಲೇ ಕೈ ನೀಡಿದೆ. ಅದು ನನ್ನ ಅಂಗೈಯನ್ನು ಬಾಯಲ್ಲಿ ತೆಗೆದುಕೊಂಡು, ಒತ್ತದೆ, ಹಾಗೆಯೇ ಹಿಡಿದುಕೊಂಡು ನಿಂತಿತು. ನಾನು ಕಲಿಸಿದ್ದರಲ್ಲಿ ಒಂದಕ್ಷರವನ್ನೂ ಅದು ಮರೆತಿರಲಿಲ್ಲ.

“ಕೈ ಅಂದ್ರೆ ಇದ್ಕೆ ದೇವ್ರು ಕಣ್ ಮೇಷ್ಟ್ರೇ. ಮಗ ಬೇಕಾದ್ರೂ ಬಾಯೊಳ್ಗೆ ಕೈ ಇಕ್ಬೋದು” ಎಂದ ಚಾಮಯ್ಯ. “ಕಾಲು ನೋಡ್ಬೇಕು ನೀವು. ಇರಿ, ತೋರುಸ್ತೀನಿ.”

ಗುಡಿಸಿಲಿನ ಸೂರಿನಿಂದ ಒಂದು ಕಂಬಳಿಯ ತುಂಡನ್ನು ತೆಗೆದ. ಅದಕ್ಕೆ ಹಗ್ಗ ಕಟ್ಟಿತ್ತು. ನೆಲದ ಮೇಲೆ ಎಳೆಯುತ್ತ ಓಡಿ, “ಇಡ್ಕೊ, ಕೆಂಚ, ಇಡ್ಕೊಳ್ಲಾ” ಎಂದು ಕೂಗಿದ. ನನ್ನ ಕೈಯನ್ನು ಹೂವಿನಂತೆ ಬಿಟ್ಟು ಅದು ಬಾಣದಂತೆ ಹೋಗಿ ಕಂಬಳಿಯನ್ನು ಹಿಡಿದು ಜಗ್ಗಾಡಿತು.

“ಹಂದಿ ಇಂಗಾಲು ಇಂಗೇ ಇಡೀಬೇಕು. ಇಂಗಾಲು ಸಿಕ್ತು ಅಂದ್ರೆ ಹಂದಿ ಕೂತಂಗೇಯ.”

“ಇದನ್ನು ನೀನು ಕಲಿಸಿದೆಯಾ ಚಾಮಯ್ಯ?”

“ನಾನೆಲ್ಲಿ ಬುದ್ಧಿ? ಬರೋವಾಗ್ಲೇ ಕಲ್ತ್ಕೊಂಡು ಬಂತು. ನಮ್ ಯಜಮಾನ್ರು ನಿಮ್ಮನೇಲಿ ಇದ್ರಲ್ಲ, ಆಲೆ ಟೈಮ್ನಾಗೆ. ಸಂಜೆ ನೀವು ಪೂಜೆಗೆ ಕುಂತ್ಕಂಡ್ರೆ ಹಿತ್ಲಲ್ಲಿ ಈ ಕಂಬ್ಳಿ ಎಳೀತಿದ್ರಂತೆ. ನಿಮ್ಗೂ ಗೊತ್ತಿತ್ತೇನೋ ಅಂದ್ಕೊಂಡಿದ್ದೆ ನಾನು.” ಅವನು ನಕ್ಕ. ಕಪಟವಿಲ್ಲದ ನಗು. “ಮೇಷ್ಟ್ರು ಬಾಯಿ ಕಟ್ಟುದ್ರು, ನಾನು ಕಾಲ್ಗೆ ಬುಟ್ಟೆ ಅಂತ ಯೋಳಿ ಯೋಳಿ ನಗ್ತಾರೆ ನಮ್ ಯಜಮಾನ್ರು.”

ರೊಟ್ಟಿಯನ್ನು ಅವನ ಕೈಗೆ ಕೊಟ್ಟು ಗಾಡಿ ಹತ್ತಿದೆ. ಕೆಂಚ ತೋಟದ ಬೇಲಿಯವರೆಗೂ ಬಂದು ನಿಂತಿತು. ಅದರ ಮೇಲೆ ನನಗೆ ಏನೂ ಸಿಟ್ಟಿಲ್ಲ. ಅದಕ್ಕೆ ಇಬ್ಬರು ಮೇಷ್ಟರಿದ್ದರು. ಇಬ್ಬರ ಪಾಠವನ್ನೂ ಅದು ಚಾಚೂ ತಪ್ಪದೆ ಕಲಿತಿತ್ತು. ಅಂಥ ವಿದ್ಯಾರ್ಥಿ ಕಲಿಯಲಾರದೆಂದು ನನ್ನ ಬಾಯಿಂದ ಹೇಳಿಸಿದೆಯಲ್ಲ, ರುದ್ರಸ್ವಾಮಿ.

ಅಕ್ಕನ ಕಾಲನ್ನು ಕಚ್ಚಿಸಬೇಕೆಂದು ನೀನು ಎಣಿಸಿದ್ದೆಯೆಂದು ನಾನು ಹೇಳುವುದಿಲ್ಲ. ನಾಯಿ ನಮಗೆ ಸಾಕಾಗಿ ನಿನಗೆ ಸಿಗಲಿ, ಇಷ್ಟೇ ನಿನ್ನ ಲೆಕ್ಕಾಚಾರವಾಗಿರಬೇಕು. ಆದರೆ ಈ ಮನೆಯಲ್ಲಿ ನೆಲ ಮುಟ್ಟುವ ಬಟ್ಟೆ ಯಾರದೆಂಬುದು ನಿನಗೆ ತಿಳಿದಿತ್ತು. ನನ್ನ ಪಂಚೆ ಮೊಣಕಾಲಿನ ಕೆಳಗೆ ಇಳಿಯುವುದಿಲ್ಲ. ಬಾಯಿಬಿಟ್ಟು ಕೇಳಿದ್ದರೆ ನಾನು ಕೊಡುತ್ತಿರಲಿಲ್ಲವೆ? ಬಹುಶಃ ಕೊಡುತ್ತಿರಲಿಲ್ಲ, ನಿನ್ನ ಅಕ್ಕ ಕೊಡುತ್ತಿದ್ದಳು. ನೀನು ಕೇಳಿದ್ದನ್ನು ಅವಳು ಇಲ್ಲವೆಂದದ್ದು ನನಗೆ ನೆನಪಿಲ್ಲ. ನಾನು ಕಣ್ಣು ಮುಚ್ಚಿ ಕೈಯಲ್ಲಿ ಲಿಂಗ ಹಿಡಿದು ಕುಳಿತ ಆ ಹೊತ್ತನ್ನು ನೀನು ಆರಿಸಿಕೊಂಡದ್ದು ನನಗೆ ಎಲ್ಲಕ್ಕಿಂತ ಹೆಚ್ಚು ನೋಯುತ್ತದೆ. ಅದೊಂದು ಹೊತ್ತಿನಲ್ಲಿ ನಾನು ಹೊರಗೆ ಬರುವುದಿಲ್ಲವೆಂಬ ಭರವಸೆ ನಿನಗಿತ್ತು. ನಿನ್ನ ದೀಕ್ಷೆಯ ದಿನ ಆ ಪೂಜೆಗೆ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಲುಗಾಡದೆ ಕೂರುವುದನ್ನು ಹೇಳಿಕೊಟ್ಟವನು ನಾನು. ಈಗ ಪೂಜೆಗೆ ಕುಳಿತರೆ ಹಿತ್ತಲಿನ ಸದ್ದಿಗೆ ಕಿವಿ ಹೋಗುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಆದರೂ ಹೋಗುತ್ತದೆ.

ಸುಂದ್ರಮ್ಮ ಇಂದಿಗೂ ತನ್ನದೇ ತಪ್ಪೆನ್ನುತ್ತಾಳೆ. “ನೆರಿಗೆ ಎತ್ತಿ ಕಟ್ಕೊಬೇಕಿತ್ತು ನಾನು. ಪಾಪ, ಅದಕ್ಕೇನು ಗೊತ್ತು? ನನ್ ತಮ್ಮ ಇದ್ದಿದ್ದಕ್ಕೆ ಆ ಜೀವ ಉಳೀತು” ಎನ್ನುತ್ತಾಳೆ. ಅಕ್ಕಪಕ್ಕದವರಿಗೂ ಹೇಳಿದ್ದಾಳೆ. ನಿನ್ನನ್ನು ಅವಳು ಹೊಗಳುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ಮೇಷ್ಟರಿಗೆ ಸೋತದ್ದು ಇನ್ನೂ ಅರಗಿಲ್ಲವೆಂದು ಅವಳು ತಿಳಿದಿದ್ದಾಳೆ.

ನನ್ನ ತೀರ್ಮಾನವನ್ನು ಕೇಳು. ಕೆಂಚನನ್ನು ನಾನು ವಾಪಸು ಕೇಳುವುದಿಲ್ಲ. ನೆಲ ಮುಟ್ಟುವ ಸೀರೆಯಿರುವ ಮನೆಯಲ್ಲಿ ಅದು ಇನ್ನು ಇರಲಾರದು. ಹಬ್ಬಕ್ಕೆ ನೀನು ಬಾ. ನನ್ನ ಬಾಗಿಲು ನಿನಗೆ ಮುಚ್ಚಿಲ್ಲ, ಅದು ಅವಳ ಬಾಗಿಲೂ ಹೌದು. ಬಾಗಿನದ ಮೊರವನ್ನು ಅವಳ ಮಡಿಲಿಗೆ ಇಡುವ ಮೊದಲು ನೀನು ಮಾಡಿದ್ದನ್ನು ನಿನ್ನ ಬಾಯಿಂದಲೇ ಅವಳಿಗೆ ಹೇಳು. ಗಾಯವಾದದ್ದು ಅವಳಿಗೆ, ಕ್ಷಮಿಸುವ ಅಧಿಕಾರವೂ ಅವಳದು. ಅವಳು ಕ್ಷಮಿಸುತ್ತಾಳೆ, ನಾನು ಅವಳನ್ನು ಬಲ್ಲೆ. ನನ್ನ ಪಾಲಿನದನ್ನು ನಾನು ಕ್ಷಮಿಸುವುದಿಲ್ಲ, ಅದನ್ನೂ ತಿಳಿದುಕೊಂಡೇ ಬಾ.

ಹೇಳಲು ನಿನಗೆ ನಾಲಗೆ ಏಳದಿದ್ದರೆ ನಾನೂ ಹೇಳುವುದಿಲ್ಲ. ಅವಳ ತವರನ್ನು ಅವಳಿಂದ ಕಿತ್ತುಕೊಳ್ಳುವ ಕೆಲಸ ನನ್ನಿಂದಾಗದು. ಆಗ ನೀನು ಎಂದಿನಂತೆ ಎಲೆಯ ಮುಂದೆ ಕುಳಿತುಕೋ. ಅವಳು ಆ ಕಾಲನ್ನು ಎಳೆಯುತ್ತ ಬಂದು ನಿನಗೆ ಹೋಳಿಗೆ ಬಡಿಸುತ್ತಾಳೆ. ತುಪ್ಪ ಹಾಕಿ, ನಾಯಿಯ ಜೀವ ಉಳಿಸಿದವನೆಂದು ಇನ್ನೊಮ್ಮೆ ಹೊಗಳುತ್ತಾಳೆ. ನಾನು ಎದುರಿನಲ್ಲೇ ಕುಳಿತಿರುತ್ತೇನೆ. ನೀನು ಆ ತುತ್ತನ್ನು ನುಂಗುವುದನ್ನು ನೋಡುತ್ತಿರುತ್ತೇನೆ.

ಇಷ್ಟು ಬರೆಯುವ ಹೊತ್ತಿಗೆ ನಿನ್ನ ಅಕ್ಕ ಒಳಗಿನಿಂದ ಕೇಳುತ್ತಿದ್ದಾಳೆ: “ರುದ್ರಂಗೆ ಬರೀತಿದ್ದೀರಾ? ಹಬ್ಬಕ್ಕೆ ತಪ್ಪಿಸ್ಬೇಡ ಅನ್ನಿ. ನನ್ನ ಆಶೀರ್ವಾದ ಬರೀರಿ, ಮರೀಬೇಡಿ.” ಮರೆತಿಲ್ಲ, ಬರೆದಿದ್ದೇನೆ. ನೂರು ಕ್ಷೇಮ ನಿನಗಿರಲಿ, ನಿನ್ನ ಮನೆ ಬೆಳಗಲಿ. ಈ ಕಾಗದದಲ್ಲಿರುವ ಆಶೀರ್ವಾದ ಅವಳದು.

ಇಂತು,
ನಿನ್ನ ಅಕ್ಕನ ಗಂಡ,
ಮಹದೇವಪ್ಪ